ಕೆರೆಯ ದಂಡೆಯನ್ನು ಹಾಗೇ ಬಿಡಿ ಮಾರಾಯ್ರೆ

ಕೆರೆಗೆ ನಾಲ್ಕೂ ಕಡೆ ಶಿಲೆಕಲ್ಲಿನ ಗೋಡೆ ಕಟ್ಟಿ, ಮೇಲೆ ಇಂಟರ್‌ಲಾಕ್ ಹಾಕಿ, ಎರಡು ಹೈಮಾಸ್ಟ್ ದೀಪ ನಿಲ್ಲಿಸಿದರೆ ಅದೇ ಅಭಿವೃದ್ಧಿ ಅಂತ ನಮ್ಮ ಉಡುಪಿ ಜಿಲ್ಲೆಯಲ್ಲಿ ಹೆಚ್ಚುಕಡಿಮೆ ಎಲ್ಲರೂ ಒಪ್ಪಿಕೊಂಡಾಗಿದೆ. ನಾನು ಒಪ್ಪುವುದಿಲ್ಲ. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ, ಪುರುಸೊತ್ತು ಇದ್ದವರು ಓದಿ.

ನಮ್ಮ ಮನೆ ಇರುವುದು ಹಿರಿಯಡ್ಕದಿಂದ ಒಳಗೆ, ಒಂದು ಕೆರೆಯ ಬದಿಯಲ್ಲಿ. ಮೇಲೆ ಮುರಕಲ್ಲಿನ (ಜಂಬಿಟ್ಟಿಗೆಯ) ಗುಡ್ಡೆ, ಅದರ ಬುಡದಲ್ಲಿ ಕೆರೆ, ಕೆಳಗೆ ಮಜಲು ಗದ್ದೆ, ಅದಕ್ಕೂ ಕೆಳಗೆ ಬೈಲು. ಕೆರೆ ದೊಡ್ಡದೇನಲ್ಲ. ಈ ದಂಡೆಯಲ್ಲಿ ನಿಂತು ಕೂಗಿದರೆ ಆಚೆ ಮನೆಯವರಿಗೆ ಕೇಳುತ್ತದೆ. ವರಂಗದ ಕೆರೆಯ ಹಾಗೆ ನೀರಿನ ನಡುವೆ ಬಸದಿ ಇಲ್ಲ, ಹಾಗಾಗಿ ಫೋಟೋ ತೆಗೆಯಲು ಯಾರೂ ಬರುವುದಿಲ್ಲ. ದಂಡೆಯಲ್ಲಿ ಇರುವುದು ಕೆಸರು, ಆಳುದ್ದ ಹುಲ್ಲು, ಕಡುಬು ಬೇಯಿಸುವ ಮೂಡೆ ಕಟ್ಟಲು ಎಲೆ ಕೊಡುವ ಕೇದಗೆ ಪೊದೆ, ಒಂದು ಮೂಲೆಯಲ್ಲಿ ತಾವರೆ. ನೋಡಿದವರು ಇದೆಂಥ ಹಾಳು ಕೊಂಪೆ ಅಂದಾರು. ನನಗೆ ವರ್ಷದ ಹನ್ನೆರಡೂ ತಿಂಗಳು ಮನೆಯಿಂದ ಹೊರಗೆ ಕಾಲಿಡುವಂತೆ ಮಾಡುವುದೇ ಆ ಕೊಂಪೆ.

ಕ್ಯಾಲೆಂಡರಿನಲ್ಲಿ ವರ್ಷ ಯಾವಾಗ ಬೇಕಾದರೂ ಶುರುವಾಗಲಿ, ಕೆರೆಗೆ ಶುರುವಾಗುವುದು ಪತ್ತನಾಜೆಗೆ. ಅಂದರೆ ತುಳುವರ ಬೇಶ ತಿಂಗಳ ಹತ್ತನೆಯ ದಿನ, ಮೇ 24ರ ಆಸುಪಾಸು. ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ, ಕೋಲ ನೇಮ ನಿಲ್ಲುತ್ತದೆ, ರಾತ್ರಿಗಳು ಒಮ್ಮೆಲೇ ಖಾಲಿ ಆಗುತ್ತವೆ. ಅದೇ ಹೊತ್ತಿಗೆ ಕೆರೆಯಾಚೆಯ ಮರಗಳಲ್ಲಿ ಮಿಂಚುಹುಳಗಳು. ಒಂದೆರಡು ಅಲ್ಲ, ಇಡೀ ಮರ ಒಟ್ಟಿಗೆ ಹತ್ತಿ ಒಟ್ಟಿಗೆ ಆರುತ್ತದೆ. ಗಂಡು ಹುಳ ಹೆಣ್ಣನ್ನು ಕರೆಯುವುದು ಆ ಬೆಳಕಿನಿಂದಲೇ. ಹತ್ತಿರ ಬೀದಿದೀಪ ಬಂದರೆ ಆ ಕರೆ ಹೆಣ್ಣಿಗೆ ಕಾಣುವುದೇ ಇಲ್ಲ. ನಮ್ಮ ಮನೆಯ ಹೊರಗಿನ ಬಲ್ಬನ್ನು ಆ ದಿನಗಳಲ್ಲಿ ನಾವು ಎಂಟು ಗಂಟೆಗೇ ಆರಿಸುತ್ತೇವೆ, ಮಕ್ಕಳಿಗೂ ಅದು ರೂಢಿಯಾಗಿದೆ.

ಮತ್ತೆ ಮಳೆ. ಈ ಜಿಲ್ಲೆಗೆ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಬೀಳುತ್ತದೆ, ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಮೊದಲ ದೊಡ್ಡ ಮಳೆಯ ರಾತ್ರಿ ಗೋಂಕರು ಕಪ್ಪೆಗಳು ಎದ್ದು ಕೂಗಲು ಶುರು ಮಾಡಿದರೆ ಮನೆಯೊಳಗೆ ಮಾತಾಡಿದ್ದು ಕೇಳುವುದಿಲ್ಲ. ಬೆಳಿಗ್ಗೆ ಕೊಡೆ ಹಿಡಿದು ಹೋಗಿ ನೋಡಬೇಕು ನೀವು. ಇಷ್ಟು ದಿನ ಮಣ್ಣಿನ ಬಣ್ಣದಲ್ಲಿದ್ದ ಗಂಡು ಕಪ್ಪೆ ಅಪ್ಪಟ ನಿಂಬೆ ಹಳದಿ ಆಗಿರುತ್ತದೆ, ಗಂಟಲಿನ ಎರಡೂ ಬದಿ ನೀಲಿ ಚೀಲ ಉಬ್ಬುತ್ತದೆ. ಮೊಣಕಾಲು ಮುಳುಗದಷ್ಟು ನೀರಲ್ಲಿ, ಹುಲ್ಲಿನ ನಡುವೆ, ಒಂದನ್ನೊಂದು ತಳ್ಳಿಕೊಂಡು ಕೂಗುತ್ತವೆ. ಸ್ವಲ್ಪ ದಿನಕ್ಕೆ ಬಣ್ಣ ಮಾಸಿಹೋಗುತ್ತದೆ. ಅವು ಬರುವುದು ಆಳದ ನೀರಿಗೆ ಅಲ್ಲ, ದಂಡೆಯ ಆ ತೆಳು ನೀರಿಗೆ ಎನ್ನುವುದನ್ನು ನೆನಪಿಟ್ಟುಕೊಳ್ಳಿ.

ಕಪ್ಪೆ ಅಂದರೆ ಮೂಗು ಮುರಿಯುವವರಿಗೆ ಇನ್ನೊಂದು ವಿಷಯ. 2016ರಲ್ಲಿ ನಮ್ಮ ಮಣಿಪಾಲದ ಸುತ್ತಮುತ್ತಲಿನ ಮುರಕಲ್ಲಿನ ಜಾಗದಿಂದ ಜಗತ್ತಿಗೇ ಹೊಸದಾದ ಒಂದು ಪುಟ್ಟ ಕಪ್ಪೆ ದಾಖಲಾಯಿತು, ಮೈಕ್ರೊಹೈಲಾ ಲ್ಯಾಟರೈಟ್ ಅಂತ ಹೆಸರು. ಎರಡು ಸೆಂಟಿಮೀಟರ್ ಕೂಡ ಇಲ್ಲ. 2018ರಲ್ಲಿ ಮಂಗಳೂರಿನಿಂದಲೇ ಇನ್ನೊಂದು, ಅದಕ್ಕೆ ಮೈಕ್ರೊಹೈಲಾ ಕೊಡಿಯಾಲ್ ಅಂತ ಊರಿನದೇ ಹೆಸರು, ಕೊಂಕಣಿಯಲ್ಲಿ ಮಂಗಳೂರಿಗೆ ಕೊಡಿಯಾಲ್ ಅನ್ನುತ್ತಾರೆ. ಎರಡೂ ಸಿಕ್ಕಿದ್ದು ದಟ್ಟ ಕಾಡಿನಲ್ಲಿ ಅಲ್ಲ, ಜನ ದಿನಾ ಓಡಾಡುವ ಜಾಗದಲ್ಲಿ. ನಾವು ಉಪಯೋಗಕ್ಕಿಲ್ಲದ ಜಾಗ ಅಂತ ಮಣ್ಣು ತುಂಬಿಸುವಾಗ ಏನನ್ನು ಮುಚ್ಚುತ್ತಿದ್ದೇವೆ ಅಂತ ನಮಗೇ ಗೊತ್ತಿರುವುದಿಲ್ಲ.

ಮಳೆಯ ಮೊದಲ ವಾರದಲ್ಲೇ ಉಬರ್ ಮೀನು. ಕೆರೆಯಿಂದ, ತೋಡಿನಿಂದ (ಸಣ್ಣ ಹಳ್ಳದಿಂದ) ಮುಗುಡು ಮತ್ತಿತರ ಮೀನುಗಳು ಹರಿವಿಗೆ ಎದುರಾಗಿ ಗದ್ದೆಗೆ ಹತ್ತುತ್ತವೆ. ರಾತ್ರಿ ಟಾರ್ಚು, ಕತ್ತಿ ಹಿಡಿದು ಹೋಗುವುದು ನಮ್ಮೂರಲ್ಲಿ ಹಬ್ಬದ ಹಾಗೆ, ನಾನೂ ಸಣ್ಣವನಿರುವಾಗ ಅಪ್ಪನ ಹಿಂದೆ ಹೋದವನೇ, ಆ ಖುಷಿ ನನಗೆ ಗೊತ್ತುಂಟು. ಆದರೆ ಅವು ಹತ್ತುವುದು ಮೊಟ್ಟೆ ಇಡಲಿಕ್ಕೆ. ಹೊಟ್ಟೆ ತುಂಬ ಮೊಟ್ಟೆ ಇರುವ ಮೀನನ್ನು ದಾರಿಯಲ್ಲೇ ಕಡಿದರೆ ಮುಂದಿನ ವರ್ಷಕ್ಕೆ ಎಲ್ಲಿಂದ ಬರಬೇಕು? ಹಿಂದೆ ಹಿಡಿಯುವವರೂ ಕಮ್ಮಿ, ಹತ್ತಲು ಗದ್ದೆಯೂ ಜಾಸ್ತಿ ಇತ್ತು. ಈಗ ಅರ್ಧ ಗದ್ದೆ ಬೇಸಾಯ ಇಲ್ಲದೆ ಹಡಿಲು ಬಿದ್ದಿದೆ, ಉಳಿದ ಕಡೆ ತೋಡಿಗೆ ಕಾಂಕ್ರೀಟ್. ಇಳಿದು ಬರುವ ಮೀನನ್ನು ಹಿಡಿಯಿರಿ, ಹತ್ತುವುದನ್ನು ಬಿಡಿ. ಇದನ್ನು ನಾನು ಎದುರಿಗೂ ಹೇಳುತ್ತೇನೆ, ಕೆಲವರಿಗೆ ಸಿಟ್ಟು ಬರುತ್ತದೆ, ಬರಲಿ.

ಜುಲೈ-ಆಗಸ್ಟ್ ಹೊತ್ತಿನ ಆಟಿ ತಿಂಗಳೆಂದರೆ ಹಿಂದಿನವರಿಗೆ ಕಷ್ಟದ ಕಾಲ. ಅಕ್ಕಿ ಮುಗಿದಿರುತ್ತದೆ, ಹೊರಗೆ ಕೆಲಸ ಇರುವುದಿಲ್ಲ. ಬೇಸಗೆಯಲ್ಲೇ ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ, ಕಣಿಲೆ, ತಜಂಕ್ ಸೊಪ್ಪು, ಮರಕೆಸುವಿನ ಪತ್ರೊಡೆ, ಇದರಲ್ಲೇ ದಿನ ದೂಡುತ್ತಿದ್ದರು. ಇವತ್ತು ಅದೇ ಪತ್ರೊಡೆಯನ್ನು ಆಟಿಡೊಂಜಿ ದಿನ ಅಂತ ಹಾಲ್‌ನಲ್ಲಿ ಸಾಲು ನಿಂತು ತಿನ್ನುತ್ತೇವೆ, ಅದು ಒಳ್ಳೆಯದೇ, ಮಕ್ಕಳಿಗೆ ರುಚಿಯಾದರೂ ಗೊತ್ತಾಗಲಿ. ಆಟಿ ಅಮಾವಾಸ್ಯೆಗೆ ನಮ್ಮಲ್ಲಿ ಈಗಲೂ ಬೆಳಕು ಹರಿಯುವ ಮೊದಲೇ ಕಷಾಯ ಮಾಡಿ ಕುಡಿಯಲು ಪಾಲೆ ಮರದ ಕೆತ್ತೆಯನ್ನು (ತೊಗಟೆ) ಕಲ್ಲಿನಿಂದ ಜಜ್ಜಿ ತರುತ್ತಾರೆ, ಕತ್ತಿ ತಾಗಿಸುವುದಿಲ್ಲ. ಮರದ ಗುರುತು ಸರಿಯಾಗಿ ಗೊತ್ತಿರುವ ಹಿರಿಯರೇ ತರಬೇಕು, ಅಂದಾಜಿನಲ್ಲಿ ಬೇರೆ ಮರದ್ದು ತಂದರೆ ಜೀವಕ್ಕೇ ಅಪಾಯ.

ನನಗೆ ಆಟಿ ಅಂದರೆ ದೇವನಕ್ಕಿ. ಇಂಗ್ಲಿಷಿನಲ್ಲಿ ಜಕಾನಾ ಅನ್ನುತ್ತಾರೆ. ಕಪ್ಪು ಮೈ, ಕಂಚಿನ ರೆಕ್ಕೆ, ಕಣ್ಣಿನ ಮೇಲೆ ಬಿಳಿ ಹುಬ್ಬು. ಕಾಲ್ಬೆರಳು ಎಷ್ಟು ಉದ್ದ ಅಂದರೆ ತಾವರೆ ಎಲೆಯ ಮೇಲೆ ನಡೆದರೂ ಎಲೆ ಮುಳುಗುವುದಿಲ್ಲ. ಗೂಡು ಅಂತ ದೊಡ್ಡದೇನೂ ಇಲ್ಲ, ತೇಲುವ ಎಲೆ ಕಡ್ಡಿಗಳ ಮೇಲೆ ನಾಲ್ಕು ಮೊಟ್ಟೆ. ಹೊಳೆಯುವ ಕಂದು ಬಣ್ಣ, ಮೇಲೆ ಯಾರೋ ಶಾಯಿಯಲ್ಲಿ ಗೀಚಿದಂತೆ ಕಪ್ಪು ಗೆರೆ. ಹೆಣ್ಣು ಮೊಟ್ಟೆ ಇಟ್ಟು ಇನ್ನೊಂದು ಗಂಡಿನ ಕಡೆ ಹೋಗುತ್ತದೆ. ಕಾವು ಕೊಡುವುದು, ಮರಿ ಸಾಕುವುದು ಎಲ್ಲ ಗಂಡಿನ ಕೆಲಸ. ಆ ಜಡಿಮಳೆಯಲ್ಲಿ ಅದು ಮೈ ಉಬ್ಬಿಸಿಕೊಂಡು ಕೂತಿರುವುದನ್ನು ಅಡುಗೆಮನೆ ಕಿಟಕಿಯಿಂದಲೇ ನೋಡಬಹುದು. ಮೇಲೆ ಗರುಡ ಸುಳಿದರೆ ಮರಿಗಳು ಓಡಿಬಂದು ಅಪ್ಪನ ರೆಕ್ಕೆಯಡಿ ತೂರುತ್ತವೆ, ಅಪ್ಪ ಅವನ್ನು ಕಂಕುಳಲ್ಲಿ ಒತ್ತಿ ಹಿಡಿದು ಎದ್ದು ನಡೆಯುತ್ತದೆ. ಆಗ ರೆಕ್ಕೆಯ ಕೆಳಗಿನಿಂದ ಮರಿಗಳ ಉದ್ದ ಕಾಲುಗಳು ಮಾತ್ರ ಜೋತಾಡುವುದು ಕಾಣುತ್ತದೆ. ನನ್ನ ಹೆಂಡತಿ ಇದನ್ನು ಮೊದಲ ಸಲ ನೋಡಿದಾಗ ಗಂಜಿ ಒಲೆಯಲ್ಲಿ ಉಕ್ಕಿದರೂ ತಿರುಗಿ ನೋಡಲಿಲ್ಲ.

ಈ ಹಕ್ಕಿಗೆ ಬೇಕಾದದ್ದು ತಾವರೆ ಎಲೆ, ನೀರಿನ ಸೊಪ್ಪು, ದಂಡೆಯ ಹುಲ್ಲು. ಕೆರೆ ಕ್ಲೀನ್ ಮಾಡುವುದು ಅಂತ ಹೊರಟವರು ಮೊದಲು ಕಿತ್ತು ಎಸೆಯುವುದೂ ಅದನ್ನೇ.

ಆಟಿಯ ನಂತರದ ಸೋಣ ತಿಂಗಳು ಕಳೆದು ಮಳೆ ಬಿಟ್ಟು ಬಿಟ್ಟು ಬರುವಾಗ ಅಂಗಳದ ಮೇಲೆ ಏರೋಪ್ಲೇನ್ ಚಿಟ್ಟೆಗಳ ದಂಡು. ಸಣ್ಣವರಿರುವಾಗ ಬಾಲಕ್ಕೆ ನೂಲು ಕಟ್ಟುತ್ತಿದ್ದೆವಲ್ಲ, ಅದೇ. ಅದರಲ್ಲಿ ಹಳದಿ ಮೈಯ ಒಂದು ಜಾತಿ ಇಲ್ಲಿಂದ ಸಮುದ್ರ ದಾಟಿ ಆಫ್ರಿಕಾಕ್ಕೆ ಹೋಗುತ್ತದೆ ಅಂದರೆ ನಂಬುತ್ತೀರಾ? ಮಾಲ್ಡೀವ್ಸ್‌ನಲ್ಲಿದ್ದ ಚಾರ್ಲ್ಸ್ ಆಂಡರ್ಸನ್ ಎಂಬ ಜೀವವಿಜ್ಞಾನಿ, ಸಿಹಿನೀರೇ ಅಪರೂಪವಾದ ಆ ದ್ವೀಪಗಳಿಗೆ ಪ್ರತಿವರ್ಷ ಅಕ್ಟೋಬರ್ ಹೊತ್ತಿಗೆ ಇಷ್ಟೊಂದು ಹುಳ ಎಲ್ಲಿಂದ ಬರುತ್ತದೆ ಅಂತ ಬೆನ್ನುಹತ್ತಿ, ಇವು ಭಾರತದ ಕಡೆಯಿಂದ ಗಾಳಿಯ ಜೊತೆ ಹೊರಟು ಆಫ್ರಿಕಾದ ಪೂರ್ವ ಕರಾವಳಿಯವರೆಗೆ ಹೋಗುತ್ತವೆ ಅಂತ 2009ರಲ್ಲಿ ಬರೆದರು. ಐದು ಸೆಂಟಿಮೀಟರಿನ ಹುಳ! ಅದರ ಮರಿ ಬೆಳೆಯುವುದು ಮಳೆನೀರು ನಿಂತ ಹೊಂಡ, ಗದ್ದೆ, ಇಂಥ ದಂಡೆಗಳಲ್ಲೇ.

ಚಳಿಗಾಲದ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಬಾಲ ಕುಣಿಸುವ ಕುಂಡೆಕುಸ್ಕ ಹಕ್ಕಿ ಬರುತ್ತದೆ, ನವರಂಗ ಹಕ್ಕಿ ಬಂದು ನಾಗಬನದ ತರಗೆಲೆಯಲ್ಲಿ ಕುಪ್ಪಳಿಸುತ್ತದೆ, ಮುಂಜಾವು ಮತ್ತು ಮುಸ್ಸಂಜೆ ಎರಡು ಸಿಳ್ಳೆ ಹಾಕುತ್ತದೆ. ದೂರದ ಕಂಬಳದ ಕೂಗು ಗಾಳಿಯಲ್ಲಿ ಬರುತ್ತದೆ. ನೀರು ನಿಲ್ಲಿಸಲು ತೋಡಿಗೆ ಕಟ್ಟ ಕಟ್ಟುತ್ತಾರೆ. ಫೆಬ್ರವರಿಯಲ್ಲಿ ಬರುವ ಭೂಮಿಪೂಜೆಯ ಹಬ್ಬ ಕೆಡ್ಡಸದ ಹೊತ್ತಿಗೆ ಬನದಲ್ಲಿ ಸುರಗಿ ಹೂ ಶುರು, ನಮ್ಮ ಅತ್ತೆ ಪೋಣಿಸಿ ಒಣಗಿಸಿ ಸೀರೆಗಳ ನಡುವೆ ಇಡುತ್ತಾರೆ.

ಬೇಸಗೆಯಲ್ಲಿ ಕೆರೆ ಇಳಿಯುತ್ತದೆ, ದಂಡೆಯ ಮಣ್ಣು ಗೋಡೆಯ ಹಾಗೆ ಎದ್ದು ಕಾಣುತ್ತದೆ. ಆಗ ಗದ್ದೆ ಮಿಂಚುಳ್ಳಿ ಮನೆ ಕಟ್ಟುವ ಸಮಯ. ಹೊಂಚು ಹಾಕಿ ಕೂತರೆ ಕಾಣಸಿಗುತ್ತದೆ. ಕುಳಿತುಕೊಳ್ಳಲು ಹಿಡಿತ ಇಲ್ಲದ ನೇರ ಮಣ್ಣಿಗೆ ಅದು ಹಾರಿಬಂದು ಕೊಕ್ಕಿನಿಂದ ಕುಟ್ಟುತ್ತದೆ, ಹಿಂದೆ ಹೋಗುತ್ತದೆ, ಮತ್ತೆ ಬಂದು ಅದೇ ಜಾಗಕ್ಕೆ ಕುಟ್ಟುತ್ತದೆ. ಕಾಲೂರುವಷ್ಟು ತಗ್ಗಾದ ಮೇಲೆ ಒಳಗೆ ಕೂತು ಕೊರೆಯುತ್ತದೆ, ಕಾಲಿನಿಂದ ಮಣ್ಣನ್ನು ಹಿಂದಕ್ಕೆ ಚಿಮ್ಮುತ್ತದೆ. ಗಂಡು ಹೆಣ್ಣು ಸರದಿಯಲ್ಲಿ ಕೆಲಸ ಮಾಡಿ ಮೊಳದುದ್ದದ ಬಿಲ ಆಗುತ್ತದೆ, ತುದಿಯಲ್ಲಿ ಮೊಟ್ಟೆಗೆ ಒಂದು ಗೂಡು. ಆಮೆ ಮೊಟ್ಟೆ ಇಡುವುದೂ ದಂಡೆಯ ಮಣ್ಣಲ್ಲೇ. ಉಡ ಅದನ್ನು ಹುಡುಕಿಕೊಂಡು ಬರುತ್ತದೆ. ನೀರೊಳ್ಳೆ ಹಾವು ಬಿಸಿಲು ಕಾಯಲು ಬರುವುದೂ ಅಲ್ಲಿಗೇ, ಅದಕ್ಕೆ ವಿಷ ಇಲ್ಲ, ದಯವಿಟ್ಟು ಹೊಡೆಯಬೇಡಿ. ಶಿಲೆಕಲ್ಲಿನ ಗೋಡೆಯಲ್ಲಿ ಮಿಂಚುಳ್ಳಿ ಎಲ್ಲಿ ಕೊರೆಯುವುದು? ಆಮೆ ಹೇಗೆ ಹತ್ತುವುದು? ಗೋಂಕರು ಕಪ್ಪೆಗೆ ಬೇಕಾದ ತೆಳು ನೀರು ಎಲ್ಲಿ? ಗೋಡೆಯಿಂದ ಗೋಡೆಗೆ ಆಳ ನೀರು ಮಾತ್ರ ಇರುವ ಜಾಗ ಟ್ಯಾಂಕ್ ಆಗುತ್ತದೆ, ಕೆರೆ ಆಗುವುದಿಲ್ಲ.

ಪಕ್ಕದೂರಿನ ಕೆರೆಯಲ್ಲಿ ಇದು ಆಗಿಹೋಗಿದೆ. ನೋಡಲು ಚಂದವೇ ಉಂಟು, ಸಂಜೆ ಜನ ನಡೆಯುತ್ತಾರೆ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಅಲ್ಲಿ ಈಗ ಮಳೆಗಾಲದ ರಾತ್ರಿ ಹೋಗಿ ನಿಂತರೆ ಕೇಳುವುದು ರಸ್ತೆಯ ಬೈಕ್ ಸದ್ದು ಮಾತ್ರ. ನಾಗಬನಗಳಿಗೆ ನಾವು ಮಾಡಿದ್ದೂ ಇದನ್ನೇ ಅಲ್ವಾ? ಮರ ಕಡಿದು, ಗ್ರಾನೈಟ್ ಹಾಸಿ, ಕಟ್ಟೆ ಕಟ್ಟಿ, ನಾಗರಪಂಚಮಿಗೆ ಹಾಲೆರೆಯುತ್ತೇವೆ. ನಾಗ ಇರಲು ಬೇಕಾದ ಹುತ್ತ, ಬಳ್ಳಿ, ನೆರಳು ಯಾವುದೂ ಉಳಿದಿಲ್ಲ. ಭಕ್ತಿ ಕಮ್ಮಿ ಆಗಿದೆ ಅಂತ ನಾನು ಹೇಳುವುದಿಲ್ಲ, ಖರ್ಚು ಮಾಡಿದ್ದು ಕಾಣಬೇಕು ಅನ್ನುವ ಹಠ ಜಾಸ್ತಿ ಆಗಿದೆ.

ಹೀಗೆ ಹೇಳಿದ ಕೂಡಲೇ ಬರುವ ಪ್ರಶ್ನೆ ಸೊಳ್ಳೆಯದು. ಮಂಗಳೂರಿನಲ್ಲಿ ಮಲೇರಿಯಾ ವರ್ಷಗಟ್ಟಲೆ ಕಾಡಿದ್ದು ಕೆರೆಗಳಿಂದ ಅಲ್ಲ, ಕಟ್ಟಡ ಕಟ್ಟುವಲ್ಲಿ ನಿಂತ ನೀರು, ತೆರೆದ ಟ್ಯಾಂಕುಗಳಿಂದ. ಡೆಂಗಿ ಸೊಳ್ಳೆ ಹುಟ್ಟುವುದು ತೋಟದಲ್ಲಿ ಬಿದ್ದ ಅಡಿಕೆ ಹಾಳೆ, ಗೆರಟೆ, ರಬ್ಬರ್ ಕಪ್, ಹಳೇ ಟಯರಿನ ನೀರಲ್ಲಿ. ಜೀವ ಇರುವ ಕೆರೆಯಲ್ಲಿ ಸೊಳ್ಳೆ ಮರಿಯನ್ನು ತಿನ್ನಲು ಮೀನು ಉಂಟು, ಏರೋಪ್ಲೇನ್ ಚಿಟ್ಟೆಯ ಮರಿ ಉಂಟು. ಹಾಳೆ ಹೆಕ್ಕಿದರೆ ಸೊಳ್ಳೆ ಕಮ್ಮಿ ಆಗುತ್ತದೆ, ತಾವರೆ ಕಿತ್ತರೆ ಆಗುವುದಿಲ್ಲ.

ಹಾಗಂತ ಕೆರೆಗೆ ಕೈ ಹಾಕಲೇಬಾರದು ಅನ್ನುವವನು ನಾನಲ್ಲ. ಹೂಳು ತೆಗೆಯಲೇಬೇಕು. ಮುರಕಲ್ಲಿನ ನೆಲದಲ್ಲಿ ಇಷ್ಟು ಮಳೆ ಬಿದ್ದೂ ಮಾರ್ಚ್ ಬರುವಾಗ ಬಾವಿಗಳು ತಳ ಕಾಣುತ್ತವೆ, ಕೆರೆಯಲ್ಲಿ ನೀರು ನಿಂತರೆ ಕೆಳಗಿನ ಮನೆಗಳ ಬಾವಿಯಲ್ಲೂ ನಿಲ್ಲುತ್ತದೆ. ನೀರಿನ ಮೇಲೆ ತೇಲುವ ಅಂತರಗಂಗೆ ಕಳೆ ಹಬ್ಬಿದರೆ ಕಿತ್ತು ಹಾಕಲೇಬೇಕು, ಅದು ನೀರಿನ ಉಸಿರು ಕಟ್ಟಿಸುತ್ತದೆ. ರಸ್ತೆ ಕುಸಿಯುವ ಬದಿಗೆ ಗೋಡೆಯೂ ಬೇಕು.

ನಮ್ಮ ಕೆರೆಗೂ ಈಗ ದುಡ್ಡು ಬರುವ ಮಾತು ನಡೆಯುತ್ತಿದೆ. ಕೆಳಮನೆಯ ಅಕ್ಕ, ನಾನು, ಗದ್ದೆ ಮಾಡುವ ಇನ್ನೆರಡು ಮನೆಯವರು ಸೇರಿ ಗ್ರಾಮಸಭೆಗೆ ಅರ್ಜಿ ಬರೆದಿದ್ದೇವೆ. ಗೋಡೆ ರಸ್ತೆ ಬದಿಗೆ ಮಾತ್ರ. ಉಳಿದ ಮೂರು ಬದಿ ಮಣ್ಣಿನ ದಂಡೆ, ಕೆಲವು ಕಡೆ ಇಳಿಜಾರು, ಗುಡ್ಡೆಯ ಬದಿಯಲ್ಲಿ ಈಗಿರುವ ಹಾಗೇ ನೇರ. ತಾವರೆ ಇರುವ ಮೂಲೆಗೆ ಜೆಸಿಬಿ ಇಳಿಸಬಾರದು. ಹೂಳೆತ್ತುವುದು ನೀರು ಇಳಿದ ಮೇಲೆ, ಪತ್ತನಾಜೆಯ ಒಳಗೆ ಮುಗಿಯಬೇಕು. ಗುಡ್ಡೆಯ ಬದಿಗೆ ದೀಪ ಬೇಡ. ಇಷ್ಟೇ. ಇದರಿಂದ ಖರ್ಚು ಕಮ್ಮಿಯೇ ಆಗುತ್ತದೆ ಅಂತ ಅಕ್ಕ ಲೆಕ್ಕ ಹಾಕಿ ಕೊನೆಯಲ್ಲಿ ಸೇರಿಸಿದ್ದಾರೆ.

ನಿಮ್ಮೂರಿನ ಕೆರೆಯ ಕೆಲಸ ಹೇಗೆ ಆಗಿದೆ, ದಂಡೆ ಬಿಟ್ಟಿದ್ದಾರಾ, ಕೆಳಗೆ ಬರೆಯಿರಿ. ನಮ್ಮೂರವರು ಅರ್ಜಿಗೆ ಸಹಿ ಹಾಕುವುದಿದ್ದರೆ ಆದಿತ್ಯವಾರದ ಒಳಗೆ ಮನೆಗೆ ಬನ್ನಿ. ಬರುವಾಗ ಮೇಲಿನ ರಸ್ತೆಯಲ್ಲೇ ಬನ್ನಿ, ದಂಡೆಯ ದಾರಿಯ ಪಕ್ಕದಲ್ಲೇ ದೇವನಕ್ಕಿ ಕಾವಿಗೆ ಕೂತಿದೆ.