ಚಿಚೆನ್ ಇಟ್ಜಾದ ‘ನೆರಳಿನ ಹಾವು’ ಒಂದೇ ದಿನ ಕಾಣುತ್ತದೆಯೇ?

ಮೆಕ್ಸಿಕೋದ ಚಿಚೆನ್ ಇಟ್ಜಾದಲ್ಲಿ ಮಾಯಾ ಜನ ಕಟ್ಟಿದ ಪಿರಮಿಡ್ ಮೇಲೆ ಮಾರ್ಚ್ 21ರಂದು ಮಾತ್ರ ನೆರಳಿನ ಹಾವು ಇಳಿಯುತ್ತದೆ, ಮೆಟ್ಟಿಲು ಹತ್ತಿ ನೋಡಿ ಎಂಬ ಸಂದೇಶ ಆಗಾಗ ಬರುತ್ತಿರುತ್ತದೆ. ಹಾವಿನಂಥ ಆಕಾರ ಮೂಡುವುದು ನಿಜ. ‘ಒಂದೇ ದಿನ’ ಎನ್ನುವುದು ತಪ್ಪು. ಮೇಲೆ ಹತ್ತಲು ಬಿಡುವುದನ್ನು ನಿಲ್ಲಿಸಿ ವರ್ಷಗಳೇ ಆಗಿವೆ.

ಸಂಜೆಯ ಬಿಸಿಲಲ್ಲಿ ಒಂಬತ್ತು ಹಂತಗಳ ವಾಯವ್ಯ ಮೂಲೆಯ ನೆರಳು ಉತ್ತರದ ಮೆಟ್ಟಿಲುಗಳ ಪಕ್ಕದ ಕಲ್ಲಿನ ತಡೆಗೋಡೆಯ ಮೇಲೆ ಬೀಳುತ್ತದೆ. ಬಿಸಿಲು ಉಳಿದ ಭಾಗ ತ್ರಿಕೋನಗಳ ಸಾಲಾಗುತ್ತದೆ. ಬುಡದಲ್ಲಿ ಹಾವಿನ ತಲೆ ಕೆತ್ತಿರುವುದರಿಂದ ಚಿತ್ರ ಪೂರ್ತಿಯಾಗುತ್ತದೆ. ವಿಷುವದ, ಅಂದರೆ ಹಗಲು-ರಾತ್ರಿ ಹೆಚ್ಚುಕಡಿಮೆ ಸಮನಾಗಿರುವ ದಿನದ, ಆಸುಪಾಸಿನಲ್ಲಿ ಮಾರ್ಚ್‌ನಲ್ಲಿ ಸೂರ್ಯ ಉತ್ತರಕ್ಕೆ ಸರಿಯುವುದು ದಿನಕ್ಕೆ ಸುಮಾರು 0.4 ಡಿಗ್ರಿ, ಸೂರ್ಯಬಿಂಬದ ಅಗಲವೇ ಅರ್ಧ ಡಿಗ್ರಿ. ಹಾಗಾಗಿ ಒಂದೆರಡು ದಿನ ಹಿಂದುಮುಂದಾದರೂ ನೋಟ ಹೆಚ್ಚು ಬದಲಾಗದು. ಸೆಪ್ಟೆಂಬರ್ 22ರ ಸುಮಾರಿಗೂ ಹೀಗೆಯೇ. ಅಂದಹಾಗೆ, ಅಲ್ಲಿನ ಗಡಿಯಾರದ ಪ್ರಕಾರ ವಿಷುವ ಈಗ ಬೀಳುವುದು ಮಾರ್ಚ್ 19 ಅಥವಾ 20ಕ್ಕೆ!

ನೀವೇ ಪರೀಕ್ಷಿಸಬಹುದು. ಸೂರ್ಯನ ಸ್ಥಾನ ತೋರಿಸುವ ಆ್ಯಪ್‌ನಲ್ಲಿ 20.7 ಉತ್ತರ ಅಕ್ಷಾಂಶ, 88.6 ಪಶ್ಚಿಮ ರೇಖಾಂಶ ಕೊಟ್ಟು, ಮಾರ್ಚ್ 17 ಮತ್ತು 20ರ ಸಂಜೆ 4 ಗಂಟೆಯನ್ನು ಹೋಲಿಸಿ. ವ್ಯತ್ಯಾಸ ಒಂದೆರಡು ಡಿಗ್ರಿ ದಾಟದು. ಪ್ರವಾಸಿಗರ ಫೋಟೋಗಳ ದಿನಾಂಕವನ್ನೂ ನೋಡಿ. ಆದರೆ ದಿನಾಂಕ ಮಾತ್ರ ಇದ್ದರೆ ಸಾಲದು, ಗಂಟೆಯೂ ಬೇಕು.

ಬಹಳ ಜನ ತಪ್ಪಿಸಿಕೊಳ್ಳುವುದು ದಿನವನ್ನಲ್ಲ, ಹೊತ್ತನ್ನು. ಕರಾವಳಿಯ ಪ್ರವಾಸಿ ನಗರ ಕಾನ್ಕೂನ್‌ನಿಂದ ಹೊರಡುವ ಅನೇಕ ಬಸ್‌ಗಳು ಮಧ್ಯಾಹ್ನವೇ ವಾಪಸಾಗುತ್ತವೆ. ಚಿಚೆನ್ ಇಟ್ಜಾದ ಗಡಿಯಾರ ಕಾನ್ಕೂನ್‌ಗಿಂತ ಒಂದು ಗಂಟೆ ಹಿಂದೆ ಇರುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಬಾಗಿಲು ಸಾಮಾನ್ಯವಾಗಿ ಸಂಜೆ 5ಕ್ಕೆ ಮುಚ್ಚುತ್ತದೆ, ಕೊನೆಯ ಪ್ರವೇಶ 4ಕ್ಕೆ.