ಅರ್ಜಿ ತುಂಬಿದ್ದು ಯಾರು?

2020ರ ಜುಲೈ. ಅಮೆರಿಕದ ಅಯೋವಾ ರಾಜ್ಯದ ಸೀಡರ್ ರ್‍ಯಾಪಿಡ್ಸ್‌ನಲ್ಲಿ ನಮ್ಮ ಪಕ್ಕದ ಮನೆಯ ಅಜ್ಜಿ ಒಂದು ಕಾಗದ ತಂದು ತೋರಿಸಿದರು. ಅಂಚೆ ಮತಕ್ಕೆ ಅರ್ಜಿ. ಹೆಸರು, ಹುಟ್ಟಿದ ದಿನ, ನಾಲ್ಕಂಕಿಯ ವೋಟರ್ ಪಿನ್ ಎಲ್ಲ ಮೊದಲೇ ಅಚ್ಚಾಗಿತ್ತು. ಸಹಿ ಹಾಕಿ ಪೋಸ್ಟ್ ಮಾಡಿದರೆ ಮುಗೀತು. ಕೊರೊನಾ ಕಾಲ ಬೇರೆ. ಅಜ್ಜಿ ಅವತ್ತೇ ಕಳಿಸಿದರು.

ನಮ್ಮೂರು ಸೇರಿದ ಲಿನ್ ಕೌಂಟಿಯ (ಜಿಲ್ಲೆಯಂಥದ್ದು) ಆಡಿಟರ್ ಹೀಗೆ ಸುಮಾರು 1.4 ಲಕ್ಷ ಅರ್ಜಿ ಕಳಿಸಿದ್ದರು. (ಇಲ್ಲಿ ಚುನಾವಣೆ ನಡೆಸುವುದೂ ಆಡಿಟರೇ.) ಆದರೆ ಖಾಲಿ ಅರ್ಜಿಯನ್ನೇ ಕಳಿಸಬೇಕು ಅಂತ ರಾಜ್ಯದ ಚುನಾವಣಾ ಅಧಿಕಾರಿಯ ಆದೇಶವಿತ್ತು. ಟ್ರಂಪ್ ಪ್ರಚಾರ ತಂಡ, ರಿಪಬ್ಲಿಕನ್ ಪಕ್ಷ ಕೋರ್ಟಿಗೆ ಹೋದವು. ಸಹಿಯಾಗಿ ವಾಪಸ್ ಬಂದಿದ್ದ ಸುಮಾರು 50 ಸಾವಿರ ಅರ್ಜಿ ಆಗಸ್ಟ್ ಕೊನೆಯಲ್ಲಿ ರದ್ದಾದವು. ಅದೇ ತಿಂಗಳ 10ರಂದು ಡೆರೇಚೊ ಬಿರುಗಾಳಿ ಊರಿನ ಮರಗಳನ್ನೆಲ್ಲ ಮಲಗಿಸಿತ್ತು. ಕರೆಂಟ್ ಬಂದು ಇನ್ನೂ ಉಸಿರು ಬಿಡುತ್ತಿದ್ದ ಅಜ್ಜಿಗೆ, ಮತ್ತೆ ಅರ್ಜಿ ತುಂಬಿ ಅನ್ನೋ ಪತ್ರ!

ಪಿನ್ ಅನ್ನೋದು ಗುಟ್ಟಿನ ನಂಬರ್, ಅದನ್ನೇ ಅಚ್ಚು ಹಾಕಿ ಕಳಿಸಿದರೆ ಹೇಗೆ ಅನ್ನೋ ವಾದ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಆದರೆ ಇಬ್ಬರು ಅಧಿಕಾರಿಗಳ ಜಗಳಕ್ಕೆ ಅಜ್ಜಿ ಯಾಕೆ ದಂಡ ಕಟ್ಟಬೇಕು?

ಮೈಸೂರಿನ ನಮ್ಮ ಅಮ್ಮನ ಕಥೆ ಬೇರೆ. 2023ರ ವಿಧಾನಸಭೆ ಚುನಾವಣೆಯಲ್ಲಿ 80 ದಾಟಿದವರಿಗೆ ಮನೆಯಿಂದಲೇ ಮತ. ಅಮ್ಮನಿಗೆ 82. ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಮೇಡಂ ಅದಕ್ಕೆ ಬೇಕಾದ 12ಡಿ ಅರ್ಜಿ ಹಿಡಿದು ತಾವೇ ಬಂದರು. ಕನ್ನಡಕ ಸಿಗಲಿಲ್ಲ ಅಂತ ಅವರೇ ತುಂಬಿ, ಅಮ್ಮನ ಸಹಿ ಮಾತ್ರ ಹಾಕಿಸಿಕೊಂಡರು. ಯಾರೂ ಕೋರ್ಟಿಗೆ ಹೋಗಲಿಲ್ಲ. ಆಮೇಲೆ ಒಂದು ತಂಡ ವಿಡಿಯೊ ಕ್ಯಾಮೆರಾ ಸಮೇತ ಬಂತು. ಅಮ್ಮ ಮೈಸೂರು ಸಿಲ್ಕ್ ಉಟ್ಟು, ರಟ್ಟಿನ ಮರೆಯಲ್ಲಿ ಕೂತು ಮತ ಹಾಕಿ, ಎಲ್ಲರಿಗೂ ಕಾಫಿ ಬಲವಂತ ಮಾಡಿದರು.

ನಮ್ಮೂರೇ ವಾಸಿ ಅಂತ ಇಲ್ಲಿ ಸ್ವಲ್ಪ ಜಾಸ್ತಿಯೇ ಕೊಚ್ಚಿಕೊಂಡೆ. 2024ರ ಲೋಕಸಭೆ ಚುನಾವಣೆಗೆ ಮುಂಚೆ ವಯಸ್ಸಿನ ಮಿತಿ 85ಕ್ಕೆ ಏರಿತು. ಅಮ್ಮನಿಗೆ ಆಗ 83.

"ಹೋದ ವರ್ಷ ಮುದುಕಿಯಾಗಿದ್ದೆ, ಈ ವರ್ಷ ವಯಸ್ಸು ಕಡಿಮೆ ಆಗಿದೆ ಕಣೋ" ಅಂತ ಫೋನಿನಲ್ಲಿ ನಕ್ಕರು. ಏಪ್ರಿಲ್ 26ರ ಬಿಸಿಲಿನಲ್ಲಿ ತಂಗಿ ಆಟೊ ಮಾಡಿಸಿ ಬೂತಿಗೆ ಕರೆದೊಯ್ದಳು. ಅದೇ ಸಿಲ್ಕ್ ಸೀರೆಯಂತೆ.