ಪಿಐಡಿ ತಿರುಚುವ ಮೊದಲು ಎಣಿಕೆ ನೋಡಿ

ರೋಬೋಟ್ ತೋಳು ಹೇಳಿದ ಕೋನದಲ್ಲಿ ನಿಲ್ಲದೆ ತೂಗಾಡಿದರೆ ಎಲ್ಲರೂ ಮೊದಲು ಕೈ ಹಾಕುವುದು ಪಿಐಡಿಯ, ಅಂದರೆ ಗುರಿಗೂ ಈಗಿನ ಸ್ಥಾನಕ್ಕೂ ಇರುವ ಅಂತರ ನೋಡಿ ಮೋಟಾರ್ ನಡೆಸುವ ಲೆಕ್ಕದ, ಕೆಪಿ (ಈಗಿನ ಅಂತರಕ್ಕೆ), ಕೆಐ (ಕೂಡುತ್ತ ಬಂದ ಅಂತರಕ್ಕೆ), ಕೆಡಿ (ಅಂತರ ಬದಲಾಗುವ ವೇಗಕ್ಕೆ) ಸಂಖ್ಯೆಗಳಿಗೆ. ನನ್ನ ಪ್ರಕಾರ ಅದು ಕೊನೆಯ ಕೆಲಸ. ತೋಳು ಎಲ್ಲಿದೆ ಎಂದು ಹೇಳುವ ಸೆನ್ಸರಿನ ಎಣಿಕೆಯೇ ಕೆಟ್ಟಿದ್ದರೆ ಪಿಐಡಿ ಏನು ತಾನೇ ಮಾಡೀತು?

ಮೋಟಾರ್ ಶಾಫ್ಟಿನ ಹಾಲ್ ಎನ್‌ಕೋಡರ್ (ಶಾಫ್ಟ್ ತಿರುಗಿದ್ದನ್ನು ಆಯಸ್ಕಾಂತದಿಂದ ಗುರುತಿಸುವ ಸೆನ್ಸರ್) ಒಂದೊಂದು ಚಾನೆಲ್ಲಿನಲ್ಲೂ ಸುತ್ತಿಗೆ 11 ಪಲ್ಸ್ ಕೊಡುತ್ತದೆ ಎಂದಿಟ್ಟುಕೊಳ್ಳಿ. ಎ, ಬಿ ಎರಡೂ ಚಾನೆಲ್‌ಗಳ ಏರಿಕೆ ಇಳಿಕೆ ಎಲ್ಲವನ್ನೂ ಎಣಿಸಿದರೆ 44. ಗೇರ್ 1:34 ಇದ್ದರೆ ಹೊರಶಾಫ್ಟಿನ ಸುತ್ತಿಗೆ 1496, ಅಂದರೆ ಒಂದು ಎಣಿಕೆಗೆ ಸುಮಾರು 0.24 ಡಿಗ್ರಿ. ಹೊರಶಾಫ್ಟಿಗೆ ಗುರುತು ಹಾಕಿ, ನಿಧಾನವಾಗಿ 10 ಸುತ್ತು ಮುಂದೆ, 10 ಸುತ್ತು ಹಿಂದೆ ತಿರುಗಿಸಿ. ಎಣಿಕೆ ಸೊನ್ನೆಯ ಹತ್ತಿರಕ್ಕೆ ಬರದಿದ್ದರೆ ಪಲ್ಸ್ ತಪ್ಪುತ್ತಿವೆ. ಸೊನ್ನೆಗೆ ಬಂದರೂ ಮುಂದೆ ಹೋದಾಗ 14960 ತೋರಿಸದಿದ್ದರೆ ಲೇಬಲ್ಲಿನ ಗೇರ್ ಅನುಪಾತ ನಿಖರವಲ್ಲ, ಅಳೆದದ್ದನ್ನೇ ನಂಬಿ.

ಆರ್ಡುಯಿನೋ ಉನೋ ಆರ್3 ಬೋರ್ಡಿನಲ್ಲಿ ಎ, ಬಿ ತಂತಿಗಳು 2 ಮತ್ತು 3ನೇ ಪಿನ್‌ಗೆ ಹೋಗಲಿ, ಬಾಹ್ಯ ಇಂಟರಪ್ಟ್ (ಪಿನ್ನಿನ ಸಂಕೇತ ಬದಲಾದ ಕೂಡಲೇ ನಡೆಯುತ್ತಿರುವ ಕೆಲಸ ತಡೆದು ಎಣಿಕೆಯ ಕೋಡ್ ಓಡಿಸುವ ವ್ಯವಸ್ಥೆ) ಇರುವುದು ಅವೆರಡಕ್ಕೇ. ಎಣಿಕೆಯ ವೇರಿಯಬಲ್ 4 ಬೈಟ್. 8 ಬಿಟ್ ಚಿಪ್ ಅದನ್ನು ಒಂದೊಂದೇ ಬೈಟ್ ಓದುತ್ತದೆ, ನಡುವೆ ಇಂಟರಪ್ಟ್ ನುಗ್ಗಿದರೆ ಸ್ಥಾನ ಇದ್ದಕ್ಕಿದ್ದಂತೆ 256ರಷ್ಟು ಜಿಗಿದಂತೆ ಕಾಣುತ್ತದೆ. ವೇರಿಯಬಲ್ಲಿಗೆ ವೊಲಟೈಲ್ (ಪ್ರತಿ ಸಲ ಮೆಮೊರಿಯಿಂದಲೇ ಓದು ಎಂಬ ಸೂಚನೆ) ಎಂದು ಬರೆದರಷ್ಟೇ ಸಾಲದು; ಇಂಟರಪ್ಟ್ ನಿಲ್ಲಿಸಿ, ನಕಲು ಮಾಡಿಕೊಂಡು, ಮತ್ತೆ ಚಾಲೂ ಮಾಡಿ. ಇಂಟರಪ್ಟ್ ಫಂಕ್ಷನ್ನಿನೊಳಗೆ ಸೀರಿಯಲ್ ಪ್ರಿಂಟ್ (ಕಂಪ್ಯೂಟರಿಗೆ ಅಕ್ಷರ ಕಳಿಸುವ ನಿಧಾನದ ಆದೇಶ) ಹಾಕುವವರಿಗೆ ಏನು ಹೇಳಲಿ!

ಆಮೇಲೆ ದಿಕ್ಕು. ಧನಾತ್ಮಕ ಪಿಡಬ್ಲ್ಯುಎಂ (ಮೋಟಾರಿಗೆ ಎಷ್ಟು ಶಕ್ತಿ ಎಂದು ಹೇಳುವ ಸಂಖ್ಯೆ) ಕೊಟ್ಟಾಗ ಎಣಿಕೆ ಏರಬೇಕು. ಇಳಿದರೆ ಮೋಟಾರಿನ ಎರಡು ತಂತಿ ಅದಲುಬದಲು ಮಾಡಿ, ಇಲ್ಲವಾದರೆ ತೋಳು ಗುರಿಯಿಂದ ದೂರಕ್ಕೆ ಪೂರ್ಣ ವೇಗದಲ್ಲಿ ಓಡಿ ಕೊನೆಗೆ ಬಡಿಯುತ್ತದೆ.

ಈಗ ಕೆಪಿ ಒಂದನ್ನೇ ಇಟ್ಟು, ಲೆಕ್ಕದ ಲೂಪನ್ನು 5 ಮಿಲಿಸೆಕೆಂಡಿಗೊಮ್ಮೆ ತಪ್ಪದೆ ಓಡಿಸಿ. ತೋಳು ಗುರಿಗಿಂತ ತುಸು ಹಿಂದೆ ಗುಂಯ್ ಎನ್ನುತ್ತ ನಿಂತೀತು. ಅದು ಘರ್ಷಣೆ. ಇಲ್ಲಿ ಕೆಐ ಏರಿಸಿದರೆ ಗುರಿಗೆ ಉಳಿದ ಬಾಕಿ ಕೂಡುತ್ತಾ ಹೋಗಿ, ತೋಳು ಕಿತ್ತುಕೊಂಡು ಗುರಿ ದಾಟಿ, ಮತ್ತೆ ಹಿಂದೆ ಬಂದು, ಹೀಗೇ ಹುಡುಕಾಡುತ್ತದೆ. ಬದಲಿಗೆ ಮೋಟಾರ್ ಅಲುಗಲು ಬೇಕಾದ ಕನಿಷ್ಠ ಪಿಡಬ್ಲ್ಯುಎಂ ಎಷ್ಟೆಂದು ಅಳೆದು ಔಟ್‌ಪುಟ್‌ಗೆ ಸೇರಿಸಿ; ಗುರಿಯಿಂದ 2–3 ಎಣಿಕೆಯೊಳಗೆ ಬಂದಾಗ ಸೊನ್ನೆ ಮಾಡಿ. ತೋಳಿನ ಭಾರ ಕೆಳಗೆ ಎಳೆಯುತ್ತಿದ್ದರೆ ಮಾತ್ರ ಕೆಐ, ಅದಕ್ಕೂ ಮಿತಿ ಹಾಕಿ. ಕೆಡಿಯನ್ನು ದೋಷದ (ಗುರಿಗೂ ಸ್ಥಾನಕ್ಕೂ ಇರುವ ಅಂತರದ) ಬದಲು ಅಳೆದ ಸ್ಥಾನದ ಮೇಲೆ ಲೆಕ್ಕ ಹಾಕಿದರೆ ಗುರಿ ಬದಲಾದ ಕ್ಷಣದ ಒದೆತ ತಪ್ಪುತ್ತದೆ.

ಇಷ್ಟಾದರೂ ಗೇರಿನ ಸಡಿಲ ಮೋಟಾರ್ ಬದಿಯ ಎನ್‌ಕೋಡರಿಗೆ ಕಾಣುವುದಿಲ್ಲ. ಹೊರಶಾಫ್ಟ್ 1 ಡಿಗ್ರಿ ಅಲ್ಲಾಡುತ್ತಿದ್ದರೆ 0.24ರ ನಿಖರತೆ ಕಾಗದದ ಮೇಲಷ್ಟೇ. ಆಗ ಗುರಿಯನ್ನು ಸದಾ ಒಂದೇ ದಿಕ್ಕಿನಿಂದ ಮುಟ್ಟಿಸಿ, ಅಥವಾ ಎಎಸ್5600ರಂಥ ಮ್ಯಾಗ್ನೆಟಿಕ್ ಸೆನ್ಸರನ್ನು ಹೊರಶಾಫ್ಟಿಗೇ ಕೂರಿಸಿ. ಅದು ಸುತ್ತಿಗೆ 4096 ಹಂತ ಕೊಡುತ್ತದೆ, ಕರೆಂಟ್ ಹೋಗಿ ಬಂದರೂ ಒಂದು ಸುತ್ತಿನೊಳಗಿನ ಕೋನ ಮರೆಯುವುದಿಲ್ಲ.